ಸೂರ್ಯನಿಗೆ ದೇವಿ ಬಂದ ವರ್ಷ

ಮನುಷ್ಯರ ಫೋಟೋ ತೆಗೆಯುವವನಿಗೆ ಆ ಮನುಷ್ಯರಿಂದ ಮಾತ್ರ ತೊಂದರೆ. ಸೂರ್ಯನ ಫೋಟೋ ತೆಗೆಯುವವನಿಗೆ ಸೂರ್ಯನೊಬ್ಬನನ್ನು ಬಿಟ್ಟು ಇಡೀ ಓಣಿಯಿಂದ ತೊಂದರೆ, ಅದೂ ವಾರಕ್ಕೊಮ್ಮೆ ತಪ್ಪದೆ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ನಾನು ಹನ್ನೆರಡು ವರ್ಷ ಈ ಹುಚ್ಚು ಹಚ್ಚಿಕೊಂಡಿದ್ದೆ. ಅಷ್ಟರಲ್ಲಿ ಸರಿಯಾಗಿ ಬಂದ ಸೂರ್ಯನ ಚಿತ್ರಗಳು ಒಂಬತ್ತು. ಉಳಿದ ಸಂಗತಿಗಳನ್ನು ನೆನೆದರೆ ನಗು ಬರುತ್ತದೆ. ಒಂದನ್ನು ನೆನೆದರೆ ಮಾತ್ರ ನಗು ಬಂದು ಅರ್ಧಕ್ಕೆ ನಿಲ್ಲುತ್ತದೆ.

ನನ್ನ ಸಲಕರಣೆ ದೊಡ್ಡದೇನಲ್ಲ. ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಹಿತ್ತಾಳೆಯ ದುರ್ಬೀನು, ಅದರ ಬೆನ್ನಿಗೆ ಕಟ್ಟಿದ ಕಟ್ಟಿಗೆಯ ಕ್ಯಾಮರಾ, ಮುಂದೆ ದೀಪದ ಮಸಿ ಹಿಡಿಸಿದ ಒಂದು ಗಾಜು. ಒಂದು ಚಿತ್ರಕ್ಕೆ ಒಂದು ಗಾಜಿನ ಪ್ಲೇಟು, ಅದು ಮುಂಬಯಿಯಿಂದ ಬರಬೇಕು. ಬೆಳಕು ತಾಕದಂಥ ಚಪ್ಪಟೆ ಡಬ್ಬಿಯಲ್ಲಿ ಪ್ಲೇಟನ್ನು ಇಟ್ಟು ಕ್ಯಾಮರಾಕ್ಕೆ ಸಿಕ್ಕಿಸುವುದು. ಚಿತ್ರ ತೆಗೆದಾದ ಮೇಲೆ ಆ ಡಬ್ಬಿಗೆ ಸೀಮೆಸುಣ್ಣದಿಂದ ಒಂದು ಗೆರೆ ಹೊಡೆಯುತ್ತಿದ್ದೆ, ಮರೆತು ಅದೇ ಪ್ಲೇಟನ್ನು ಇನ್ನೊಮ್ಮೆ ಬಳಸಬಾರದೆಂದು. ಮಾಸ್ತರನ ಕಿಸೆಯಲ್ಲಿ ಸೀಮೆಸುಣ್ಣ ಯಾವಾಗಲೂ ಇರುತ್ತದೆ. ಆ ಗೆರೆಯ ಮಾತು ಮುಂದೆ ಬರುತ್ತದೆ.

ಬಾಣಂತಿ ಕೋಣೆ

ಪ್ಲೇಟನ್ನು ಮದ್ದಿನ ನೀರಿನಲ್ಲಿ ತೊಳೆದು ಚಿತ್ರ ಮೂಡಿಸಲು ಕತ್ತಲೆ ಬೇಕು. ನಮ್ಮ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ, ಬಾಣಂತಿ ಕೋಣೆ. ನಮ್ಮ ಲಗ್ನವಾಗಿ ಹದಿನಾಲ್ಕು ವರ್ಷವಾಗಿದ್ದರೂ ಅದಕ್ಕೆ ಕೆಲಸ ಬಿದ್ದಿರಲಿಲ್ಲ. ಎರಡು ಸಲ ಬೀಳುವಂತಿತ್ತು, ಬೀಳಲಿಲ್ಲ. ಆ ಕೋಣೆಯನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಹೆಂಡತಿಯೇ ಒಂದು ದಿನ ಅದರ ಬಾಗಿಲು ತೆಗೆದು ಕಸ ಹೊಡೆದಳು. "ಖಾಲಿ ಇಟ್ಟು ಏನ ಮಾಡೂದದ, ನಿಮ್ಮ ಸೂರ್ಯಾನ್ನರ ಇಲ್ಲೆ ಹಡೀರಿ" ಎಂದಳು. ಇಬ್ಬರೂ ನಕ್ಕೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಂದಿನಿಂದ ರವಿವಾರ ಕಂದೀಲಿಗೆ ಕೆಂಪು ಕಾಗದ ಸುತ್ತಿಕೊಂಡು ನಾನು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಅಂಥದೊಂದು ರವಿವಾರ ನಮ್ಮ ಹೆಡ್‌ಮಾಸ್ತರರು ಏನೋ ಕೆಲಸವಿಟ್ಟುಕೊಂಡು ಮನೆಗೆ ಬಂದರು. ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕುಳಿತಿದ್ದ ಮಗ್ಗುಲ ಮನೆಯ ಅಕ್ಕಾರು, ಮಾಸ್ತರರು ಬಾಣಂತಿ ಕೋಣೆಯಲ್ಲಿದ್ದಾರೆ, ಇನ್ನೂ ಆಗಿಲ್ಲವಂತೆ, ಎಂದು ಹೇಳಿದರು. ಹೆಡ್‌ಮಾಸ್ತರರು ಮೆತ್ತಗೆ ಚಪ್ಪಲಿ ಮೆಟ್ಟಿಕೊಂಡು ಹೋದರಂತೆ.

ಸೋಮವಾರ ಸಾಲೆಗೆ ಹೋದ ಕೂಡಲೆ ನನ್ನನ್ನು ಕರೆದು, ದನಿ ತಗ್ಗಿಸಿ, ಏನಾಯಿತು ಎಂದು ಕೇಳಿದರು. ನಾನು ಪ್ಲೇಟಿನ ಸುದ್ದಿ ಎಂದುಕೊಂಡೆ. "ಕರ್ರಗ ಬಂದದ್ರಿ ಸರ್. ನಿನ್ನಿಯಿಂದ ನೀರಾಗ ಇಟ್ಟೇನಿ" ಎಂದೆ. ಹೆಡ್‌ಮಾಸ್ತರರ ಕಣ್ಣು ತೇವವಾಯಿತು. ಮೂರು ದಿನದ ರಜೆ ಬರೆದುಕೊಟ್ಟರು. ತಪ್ಪು ತಿಳುವಳಿಕೆ ಎಂದು ನನಗೆ ಗೊತ್ತಾದದ್ದು ಮನೆ ಮುಟ್ಟಿ ಅಕ್ಕಾರ ಮಾತು ಕೇಳಿದ ಮೇಲೆ. ತಿರುಗಿ ಹೋಗಿ ಹೇಳಬೇಕಿತ್ತು ನಿಜ, ಆದರೆ ಆ ಮೂರೂ ದಿನ ಬಿಸಿಲು ಬಹಳ ಚೆನ್ನಾಗಿತ್ತು.

ಒಗ್ಗರಣೆ

ಈ ಅಕ್ಕಾರ ವಿಷಯ ಹೇಳಬೇಕು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಾರಲ್ಲ, ಆ ದೇವಿ ಒಂದು ಬೇಸಿಗೆಯಲ್ಲಿ ಅವರ ಮೂರೂ ಮಕ್ಕಳಿಗೆ ಒಟ್ಟಿಗೆ ಬಂದಿದ್ದಳು. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದಳು, ಗಂಡುಮಗನನ್ನು ಮುಖದ ತುಂಬ ಕಲೆ ಕೊಟ್ಟು ಬಿಟ್ಟು ಹೋದಳು. ಅವನು ಬೆಳೆದು ಹುಬ್ಬಳ್ಳಿಯ ಒಂದು ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದ, ದಿನಾ ಬೆಳಗಿನ ರೈಲಿಗೆ ಹೋಗಿಬರುತ್ತಿದ್ದ. ನನ್ನ ದುರ್ಬೀನಿನ ಕಬ್ಬಿಣದ ಸ್ಟ್ಯಾಂಡು ಅವನೇ ಮಾಡಿಕೊಟ್ಟದ್ದು. ನಮ್ಮದು ಹಂಚಿನ ಮನೆ, ಅವರದು ಮೇಲೆ ಸಪಾಟಾದ ಮಣ್ಣಿನ ಮಾಳಿಗೆ. ಹಾಗಾಗಿ ಸ್ಟ್ಯಾಂಡು ನಿಲ್ಲುತ್ತಿದ್ದುದೂ ಅವರ ಮಾಳಿಗೆಯ ಮೇಲೆಯೇ. ಇಪ್ಪತ್ತಾರು ವರ್ಷದವನು, ಮಾತು ಕಡಿಮೆ, ಕೈ ಬಹಳ ಶುದ್ಧ. ಆ ಕಲೆಗಳಿಂದಾಗಿ ಅವನಿಗೆ ಹೆಣ್ಣು ಸಿಕ್ಕಿರಲಿಲ್ಲ. ಅಕ್ಕಾರಿಗೆ ಇದ್ದ ಚಿಂತೆ ಅದೊಂದೇ.

ಸೂರ್ಯನ ಮೇಲೆ ಆಗಾಗ ಕಪ್ಪು ಕಲೆ ಏಳುತ್ತವೆ. ಅವು ಮೊದಲ ಸಲ ನನ್ನ ಪ್ಲೇಟಿನಲ್ಲಿ ಚೊಕ್ಕವಾಗಿ ಮೂಡಿದಾಗ ಹಿಗ್ಗಿ ಅಕ್ಕಾರಿಗೆ ತೋರಿಸಿದೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಯಾವಾಗ ಬಂದಾಳ?" ಎಂದರು. ಯಾರು ಎಂದು ಕೇಳಿದೆ. "ದೇವಿ" ಎಂದರು.

ನಾನು ಮಾಸ್ತರನಲ್ಲವೇ, ಒಂದೊಂದು ಕಲೆಯೂ ನಮ್ಮ ಭೂಮಿಗಿಂತ ದೊಡ್ಡದೆಂದು ಪಾಠ ಶುರು ಮಾಡಿದೆ. ತಮ್ಮ ಹಿರಿಯ ಮಗಳ ಮೈಮೇಲೂ ಮೊದಲು ಹೀಗೆಯೇ ಎರಡು ಎದ್ದಿದ್ದವು ಎಂದರು ಅಕ್ಕಾರು. ನನ್ನ ಪಾಠ ಅಲ್ಲಿಗೆ ನಿಂತಿತು. ಅಕ್ಕಾರು ಹೋಗಿ ಬೇವಿನ ಟೊಂಗೆ ಮುರಿದು ತಂದು ದುರ್ಬೀನಿಗೆ ಕಟ್ಟಿದರು. ದೇವಿ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಅವಳಿಗೆ ಆ ವಾಸನೆ ಆಗದು. ಸೂರ್ಯನಿಗೇ ದೇವಿ ಬಂದ ಮೇಲೆ ಯಾವ ಮನೆ ಹೊರಗುಳಿಯಿತು? ಓಣಿಯ ಎಲ್ಲ ಒಲೆಗಳ ಮೇಲೂ ಒಗ್ಗರಣೆ ನಿಂತಿತು. ನನ್ನ ಹೆಂಡತಿಗೆ ಇದರಲ್ಲಿ ನಂಬಿಕೆಯಿರಲಿಲ್ಲ, ಅಕ್ಕಾರ ಮನಸ್ಸು ನೋಯಬಾರದೆಂದು ಅವಳೂ ನಿಲ್ಲಿಸಿದಳು. ಒಂಬತ್ತು ದಿನ ನಾನು ಸಪ್ಪನೆಯ ಸಾರು ಉಂಡೆ.

ಸೂರ್ಯ ತಿರುಗುತ್ತಿರುವುದರಿಂದ ಆ ಕಲೆಗಳು ದಿನದಿನಕ್ಕೆ ಅಂಚಿಗೆ ಸರಿದು ಒಂಬತ್ತನೆಯ ದಿನ ಕಾಣದಾದವು. ದೇವಿ ಇಳಿದಳೆಂದು ಅಕ್ಕಾರು ಕೈ ಮುಗಿದರು. ಅಲ್ಲಿಗೆ ನಾನು ಸುಮ್ಮನಿರಬೇಕಾಗಿತ್ತು. ಹದಿನೈದು ದಿನಕ್ಕೆ ಅವೇ ಕಲೆಗಳು ಇನ್ನೊಂದು ಅಂಚಿನಿಂದ ತಿರುಗಿ ಬಂದವು. ಸೂರ್ಯ ತಿರುಗುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಆ ಚಿತ್ರವನ್ನೂ ಒಯ್ದು ತೋರಿಸಿದೆ. ಅಕ್ಕಾರು ಚಿತ್ರ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಓಣಿಯ ಮನೆಗಳನ್ನೆಲ್ಲ ಒಂದೊಂದಾಗಿ ನೋಡಿದರು.

"ಯಾರೋ ಲಗೂ ಒಗ್ಗರಣಿ ಹಾಕ್ಯಾರ" ಎಂದರು.

ಗಾಳಿ

ಮಳೆಗಾಲಕ್ಕೆ ಮೊದಲು ಧಾರವಾಡದಲ್ಲಿ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿರುವಾಗಲೇ ಒಂದು ಗಾಳಿ ಏಳುತ್ತದೆ. ಮುನ್ಸೂಚನೆ ಇರುವುದಿಲ್ಲ. ಅಂಥ ಒಂದು ದಿನ, ಅಕ್ಕಾರ ಮಗನಿಗೆ ರಜೆ ಇದ್ದುದರಿಂದ, ಅವನನ್ನು ಸ್ಟ್ಯಾಂಡು ಹಿಡಿಯಲು ನಿಲ್ಲಿಸಿಕೊಂಡು ಮಾಳಿಗೆಯ ಮೇಲಿದ್ದೆ. ಪಡುವಣದಿಂದ ಕೆಂಪು ಧೂಳು ಎದ್ದದ್ದು ಕಂಡಿತು, ಇಳಿದುಬಿಡೋಣ ಎಂದು ಅವನು ಎರಡು ಸಲ ಹೇಳಿದ. ಇನ್ನೊಂದು ಪ್ಲೇಟು, ಇನ್ನೊಂದೇ ಪ್ಲೇಟು ಎಂದೆ ನಾನು.

ಗಾಳಿ ಬಂದು ಮುಟ್ಟಿದಾಗ ಮೊದಲು ನನ್ನ ಟೊಪ್ಪಿಗೆ ಹೋಯಿತು, ಹಿಂದೆಯೇ ಎದುರುಮನೆಯ ತಗಡು ಹಾರಿತು. ನಾನು ಮಾಳಿಗೆಗೆ ಬೋರಲಾಗಿ ಬಿದ್ದು ದುರ್ಬೀನನ್ನು ಅಪ್ಪಿಕೊಂಡೆ. ಪ್ಲೇಟಿನ ಪೆಟ್ಟಿಗೆ ಹಿಡಿ ಎಂದು ಅವನಿಗೆ ಕೂಗಿದೆ. ಅವನು ಹಿಡಿದ. ಹಿಡಿದುಕೊಂಡೇ ಅಂಚಿನಿಂದ ಕೆಳಗೆ ಹೋದ.

ಅಂಚಿಗೆ ತೆವಳಿ ಹೋಗಿ ಇಣುಕಿದೆ. ಹಿತ್ತಲ ನೆಲದ ಮೇಲೆ ಅಂಗಾತ ಬಿದ್ದಿದ್ದ, ಪೆಟ್ಟಿಗೆ ಎದೆಯ ಮೇಲಿತ್ತು. ಆಗ ನಾನು ಕೇಳಿದ ಮಾತನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಪ್ಲೇಟು ಒಡೆಯಿತೇನೋ ಎಂದು ಕೇಳಿದೆ.

ಅವನು ಮಲಗಿದಲ್ಲೇ ಪೆಟ್ಟಿಗೆಯನ್ನು ಒಂದು ಕೈಯಿಂದ ಮೆಲ್ಲಗೆ ಅಲುಗಿಸಿ ಕಿವಿಗೊಟ್ಟು ಕೇಳಿದ. "ಪ್ಲೇಟ್ ಒಡದಿಲ್ರಿ ಮಾಸ್ತರ್ರ. ಕೈ ಮುರದೈತಿ ಅನಸ್ತೈತ್ರಿ."

ಕಲೆ ತೆಗೆಯುವವನು

ಯುದ್ಧ ಶುರುವಾಗಿ ಮುಂಬಯಿಯಿಂದ ಪ್ಲೇಟು ಬರುವುದು ನಿಂತಿತು. ನನ್ನ ಹತ್ತಿರ ಆರು ಉಳಿದಿದ್ದವು. ಆ ಹೊತ್ತಿನಲ್ಲೇ ಗಬ್ಬೂರಿನ ಕಡೆಯ ಒಂದು ಮನೆತನದವರು, ಹುಡುಗನ ಫೋಟೋ ಕಳಿಸಿರಿ, ನೋಡಿ ಮುಂದಿನ ಮಾತು, ಎಂದು ಅಕ್ಕಾರಿಗೆ ಹೇಳಿ ಕಳಿಸಿದರು. ಮಗ ಸ್ಟುಡಿಯೋಕ್ಕೆ ಹೋಗಲು ಒಲ್ಲೆ ಎಂದ. ಗುರುತಿಲ್ಲದವನ ಎದುರು ದೀಪದ ಬೆಳಕಿನಲ್ಲಿ ಮುಖ ಹಿಡಿದು ಕೂಡುವುದು ಅವನಿಂದಾಗದು, ಮಾಸ್ತರರಾದರೆ ಅಡ್ಡಿಯಿಲ್ಲವಂತೆ. ಅಕ್ಕಾರು ಬಂದು, "ಸೂರ್ಯಾ ನಾಳೆನೂ ಬರ್ತಾನ್ರಿ ಮಾಸ್ತರ್ರ. ನನ್ನ ಮಗಂದು ಒಂದು ತಗೀರಿ" ಎಂದು ಬೇಡಿಕೊಂಡರು.

ನನ್ನ ಕ್ಯಾಮರಾ ದೂರದ ವಸ್ತುಗಳಿಗೆ ಮಾತ್ರ, ಮನುಷ್ಯರು ಅದರಲ್ಲಿ ಹಿಡಿಸುವುದಿಲ್ಲ ಎಂದೆ. ಅದು ಸುಳ್ಳು. ದುರ್ಬೀನು ಬಿಚ್ಚಿ ಕ್ಯಾಮರಾದ ಸ್ವಂತ ಗಾಜು ಹಾಕಿದರೆ ಮನುಷ್ಯರು ಚೆನ್ನಾಗಿಯೇ ಹಿಡಿಸುತ್ತಿದ್ದರು. ಆರು ಪ್ಲೇಟಿನ ಆಸೆ, ಬೇರೇನಿಲ್ಲ.

ಆ ತಿಂಗಳು ಸೂರ್ಯನ ಮೇಲೆ ಬಹಳ ದೊಡ್ಡ ಕಲೆಗಳ ಗುಂಪು ಎದ್ದಿತ್ತು. ಅದರ ಒಂದು ಪ್ಲೇಟನ್ನು ದೊಡ್ಡ ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಬಾ ಎಂದು ಅಕ್ಕಾರ ಮಗನ ಕೈಯಲ್ಲೇ ಹುಬ್ಬಳ್ಳಿಯ ಸ್ಟುಡಿಯೋ ಒಂದಕ್ಕೆ ಕಳಿಸಿದೆ. ಒಳಗೆ ಹೋಗದೆ ಬಾಗಿಲಲ್ಲೇ ಕೊಟ್ಟು ಬಂದನಂತೆ. ಎಂಟು ದಿನಕ್ಕೆ ಅಚ್ಚು ಬಂತು. ಬಿಚ್ಚಿ ನೋಡಿದರೆ ಸೂರ್ಯ ಹೊಸ ತಾಟಿನಂತೆ ಹೊಳೆಯುತ್ತಿದ್ದ. ಒಂದು ಕಲೆಯೂ ಇರಲಿಲ್ಲ.

ಸಿಟ್ಟಿನಿಂದ ನಾನೇ ಹುಬ್ಬಳ್ಳಿಗೆ ಹೋದೆ. ಸ್ಟುಡಿಯೋದವರು ವಯಸ್ಸಾದವರು, ಕಿವಿಯ ಸಂದಿನಲ್ಲಿ ಚೂಪಾದ ಪೆನ್ಸಿಲ್ಲು. ಎಂಥ ಮುಖವಿದ್ದರೂ ಪ್ಲೇಟಿನ ಮೇಲೆ ಪೆನ್ಸಿಲ್ಲಾಡಿಸಿ ಕಲೆ ಅಳಿಸುವುದರಲ್ಲಿ ಅವರ ಕೈ ಹೆಸರಾದದ್ದು. ಕಲೆಗಳು ಎಲ್ಲಿ ಎಂದು ಕೇಳಿದೆ. ಅವರು ಸಂತೋಷದಿಂದಲೇ ಉತ್ತರ ಕೊಟ್ಟರು. "ಯಾರ ಮುಖಾ ಅಂತ ತಿಳೀಲಿಲ್ರಿ. ಆದ್ರ ತಂದಿದ್ದ ಹುಡುಗನ್ನ ನೋಡಿ, ಮನೀ ಪೈಕಿ ಯಾರೋ ಇರಬೇಕು ಅಂದುಕೊಂಡು ಎಲ್ಲಾ ತಗದೇನಿ. ಕಲಿ ಇಟ್ಟು ಫೋಟೋ ಕೊಡೂ ಪದ್ಧತಿ ನಮ್ಮಲ್ಲಿಲ್ಲ."

ಮನೆಗೆ ಬಂದು ಇದನ್ನು ಹೇಳಿದಾಗ ಅಕ್ಕಾರ ಮಗ ನಗಲಿಲ್ಲ. ಆ ಕಲೆಯಿಲ್ಲದ ಸೂರ್ಯನನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದ. ನೀವು ಪ್ಲೇಟು ತೆಗೆದುಕೊಟ್ಟರೆ ಇವರ ಹತ್ತಿರ ತಿದ್ದಿಸಬಹುದಲ್ಲ ಎಂದು ಕೇಳಿದ. ಹೆಣ್ಣು ಕೊಡುವವರಿಗೆ ಮೋಸವಾಗುವುದಿಲ್ಲವೇ ಎಂದು ನಾನು ಗದರಿದೆ. ಸತ್ಯ ಹೇಳುವುದಾದರೆ ನನಗೆ ಮೋಸದ ಚಿಂತೆಯಿರಲಿಲ್ಲ.

"ಮೋಸಾ ಇಲ್ರಿ ಮಾಸ್ತರ್ರ" ಎಂದ ಅವನು. "ಲಗ್ನದ ದಿನಾ ಹೆಂಗೂ ಬಿಸಲಾಗ ಕುಂದರಸ್ತಾರ. ಇಬ್ಬರೂ ಒಬ್ಬರನೊಬ್ಬರು ನೋಡೇ ನೋಡ್ತೀವಿ."

ಮುದ್ದೆಮಾಲು

ಯುದ್ಧದ ಕಾಲದಲ್ಲಿ ಒಬ್ಬ ಮನುಷ್ಯ ಮಾಳಿಗೆಯ ಮೇಲೆ ನಿಂತು ದುರ್ಬೀನಿನಿಂದ ಆಕಾಶ ನೋಡಿದರೆ ಪೊಲೀಸ್ ಚೌಕಿಗೆ ಸುದ್ದಿ ಹೋಗದೆ ಇರುತ್ತದೆಯೇ? ಶ್ರಾವಣದಲ್ಲಿ ಒಂದು ದಿನ ಫೌಜದಾರರು ಒಬ್ಬ ಹವಾಲ್ದಾರನನ್ನು ಕರೆದುಕೊಂಡು ಬಂದರು. ಇದ್ದ ಚಿತ್ರಗಳನ್ನೆಲ್ಲ ಹರವಿಸಿದರು. ಯಾರ ಫೋಟೋ ಎಂದು ಕೇಳಿದರು. ಸೂರ್ಯನದು ಎಂದೆ. ಹವಾಲ್ದಾರ ಬರೆದುಕೊಳ್ಳುತ್ತ, ತಲೆಯೆತ್ತದೆ, ತಂದೆಯ ಹೆಸರು ಎಂದ. ಹೆದರಿದ ಬಾಯಿಗೆ ಪುರಾಣವೇ ಬಂತು, ಕಶ್ಯಪ ಎಂದುಬಿಟ್ಟೆ. ವಾಸ ಎಲ್ಲಿ ಎಂದ. ಮೇಲೆ ಕೈ ತೋರಿಸಿದೆ. ಮೇಲೆ ನೋಡಿದ. ಎಂಟು ದಿನದಿಂದ ಜಿಟಿಜಿಟಿ ಮಳೆ, ಮೋಡ ಕಟ್ಟಿಕೊಂಡಿತ್ತು.

ಡಬ್ಬಿಗಳನ್ನು ತೆರೆದರೆ ಸಾಕ್ಷಿ ಹಾಳಾಗುತ್ತದೆ ಎಂದು ನಾನು ಕೈ ಮುಗಿದು ಹೇಳಿದ್ದರಿಂದ ಹಾಗೆಯೇ ಒಯ್ದರು. ಆಗ ನನ್ನಲ್ಲಿ ಉಳಿದದ್ದು ಎರಡೇ ಪ್ಲೇಟು. ಒಂದರಲ್ಲಿ ಮಳೆ ಹಿಡಿಯುವ ಮೊದಲು ತೆಗೆದ ಸೂರ್ಯನಿದ್ದ, ಇನ್ನೂ ತೊಳೆದಿರಲಿಲ್ಲ. ಇನ್ನೊಂದು ಹೊಸದು. ತಿಂಗಳ ಮೇಲೆ ಹೆಡ್‌ಮಾಸ್ತರರು ಜಾಮೀನು ನಿಂತು ಎಲ್ಲ ತಿರುಗಿ ಬಂತು. ಮುದ್ದೆಮಾಲು, ಅಂದರೆ ಜಪ್ತಿ ಮಾಡಿದ ಸಾಮಾನು, ಚೊಕ್ಕಟವಿರಬೇಕೆಂದು ಹವಾಲ್ದಾರ ಡಬ್ಬಿಗಳನ್ನು ಒದ್ದೆ ಅರಿವೆಯಿಂದ ತಿಕ್ಕಿ ಒರೆಸಿದ್ದ. ಸೀಮೆಸುಣ್ಣದ ಗೆರೆ ಎರಡರ ಮೇಲೂ ಇರಲಿಲ್ಲ. ಜೊತೆಗೆ ಪಂಚನಾಮೆಯ ಪ್ರತಿಯನ್ನು ಕೊಟ್ಟರು. ಅದರಲ್ಲಿ ಹೀಗಿತ್ತು: "ಸೂರ್ಯ, ತಂದೆ ಕಶ್ಯಪ. ಹಾಲಿ ಫರಾರಿ."

ಎದೆ ಅಳೆಯುವವರು

ಫೋಟೋ ಬಾರದ್ದರಿಂದ ಗಬ್ಬೂರಿನ ಕಡೆಯವರು ಬೇರೆ ಕಡೆ ಹೆಣ್ಣು ಕೊಟ್ಟರು. ಅಕ್ಕಾರ ಮಗ ಆ ಸುದ್ದಿ ಕೇಳಿ ಎಂದಿನಂತೆ ಬೆಳಗಿನ ರೈಲಿಗೆ ಹೋದ. ಎರಡು ವಾರಕ್ಕೆ ಮಿಲಿಟರಿಯಲ್ಲಿ ಮೋಟಾರು ರಿಪೇರಿಯ ಕೆಲಸಕ್ಕೆ ಹೆಸರು ಕೊಟ್ಟು ಬಂದ. ಅಕ್ಕಾರು ಗೋಡೆಗೆ ತಲೆ ಬಡಿದುಕೊಂಡರು. ನಾನೂ ಬುದ್ಧಿ ಹೇಳಲು ಹೋದೆ. "ಅವರು ಮುಖಾ ನೋಡೂದಿಲ್ರಿ ಮಾಸ್ತರ್ರ, ಎದಿ ಅಳೀತಾರ" ಎಂದ.

ಹೊರಡುವ ದಿನ ಬೆಳಿಗ್ಗೆ ನನ್ನ ಹೆಂಡತಿ ಕ್ಯಾಮರಾವನ್ನು ತಾನೇ ಎತ್ತಿ ತಂದು ಕಟ್ಟೆಯ ಮೇಲಿಟ್ಟಳು. ನಾನು ದುರ್ಬೀನು ಬಿಚ್ಚಿದೆ. ಅವನು ಬೇವಿನ ಗಿಡದ ಕೆಳಗೆ ನಿಂತ, ಕಣ್ಣು ಮಿಟುಕಿಸಲಿಲ್ಲ. ಎರಡು ಡಬ್ಬಿಗಳಲ್ಲಿ ಹೊಸ ಪ್ಲೇಟು ಯಾವುದೆಂದು ನನಗೆ ಖಾತ್ರಿಯಿರಲಿಲ್ಲ. ಎರಡರಲ್ಲೂ ಒಂದೊಂದು ತೆಗೆದಿದ್ದರೆ ಒಂದಂತೂ ಸರಿಯಾಗಿ ಬಂದೇ ಬರುತ್ತಿತ್ತು. ಅಷ್ಟು ಲೆಕ್ಕ ನನಗೆ ಬರುತ್ತಿತ್ತು. ಆದರೂ ಒಂದರಲ್ಲೇ ತೆಗೆದೆ. ಇನ್ನೊಂದನ್ನು ಸೂರ್ಯನಿಗೆ ಇಟ್ಟುಕೊಂಡೆ.

ರೈಲು ಹೋದ ಮೇಲೆ ಬಾಣಂತಿ ಕೋಣೆಯಲ್ಲಿ ತೊಳೆದು ನೋಡಿದರೆ, ನಾನು ಆರಿಸಿದ್ದು ಬಳಸಿದ ಪ್ಲೇಟನ್ನೇ. ಅವನೂ ಇದ್ದ, ಸೂರ್ಯನೂ ಇದ್ದ, ಅದೂ ಸರಿಯಾಗಿ ಅವನ ಎಡಗೆನ್ನೆಯ ಮೇಲೆ. ಪ್ಲೇಟು ಕೆಟ್ಟಿತೆಂದು ಅಕ್ಕಾರಿಗೆ ಹೇಳಿದೆ. ಇನ್ನೊಂದು ಪ್ಲೇಟಿನಲ್ಲಿ ಮುಂದಿನ ವಾರ ಸೂರ್ಯನನ್ನು ತೆಗೆದೆ. ಬಹಳ ಚೆನ್ನಾಗಿ ಬಂತು. ಒಂಬತ್ತನೆಯದು ಅದೇ.

ಕೊನೆಯ ಫೋಟೋ

ಒಂದು ವರ್ಷಕ್ಕೆ ಇಂಗ್ಲಿಷಿನ ಕಾಗದ ಬಂತು. ಓದಲು ಅಕ್ಕಾರು ನನ್ನ ಹತ್ತಿರವೇ ತಂದರು. ಬ್ರಹ್ಮದೇಶದ ಕಡೆ ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡಿದ್ದ. ಗುಂಡು ತಾಗಿರಲಿಲ್ಲ, ಯುದ್ಧವನ್ನೂ ನೋಡಿರಲಿಲ್ಲ. ನಾನು ಓದಿ ಹೇಳಿದೆ. ಅಕ್ಕಾರು ಕಾಗದವನ್ನು ತಿರುಗಿ ಇಸಿದುಕೊಂಡು ಮಡಚಿದರು. ಆ ದಿನ ಓಣಿಯಲ್ಲಿ ಯಾರೂ ಹೇಳದೆಯೇ ಒಗ್ಗರಣೆ ನಿಂತಿತು.

ಹದಿನೈದು ದಿನಕ್ಕೆ ಅಕ್ಕಾರು ಬಂದು, ಆ ಕೆಟ್ಟ ಪ್ಲೇಟನ್ನು ಒಗೆದುಬಿಟ್ಟಿರೇನು ಎಂದು ಕೇಳಿದರು. ನಾನು ತಲೆ ಕೆಳಗೆ ಹಾಕಿದೆ. ಹೆಂಡತಿ ಬಾಣಂತಿ ಕೋಣೆಯೊಳಗೆ ಹೋಗಿ ಅದನ್ನು ತಂದಳು. ಎಂದೋ ತಾನು ಹೊಲಿದಿಟ್ಟಿದ್ದ ಕೂಸಿನ ತಲೆಗೆ ಕಟ್ಟುವ ಒಂದು ಕುಂಚಿಗೆಯಲ್ಲಿ ಸುತ್ತಿಟ್ಟಿದ್ದಳು. ಅಂಥದೊಂದು ಕುಂಚಿಗೆ ಇದ್ದದ್ದೇ ನನಗೆ ಗೊತ್ತಿರಲಿಲ್ಲ.

ಅಕ್ಕಾರನ್ನು ಕರೆದುಕೊಂಡು ಹುಬ್ಬಳ್ಳಿಯ ಅದೇ ಸ್ಟುಡಿಯೋಕ್ಕೆ ಹೋದೆ. ಮುದುಕರು ಅಲ್ಲಿಯೇ ಒಂದು ಅಚ್ಚು ಹಾಕಿ ತಂದು ಮೇಜಿನ ಮೇಲಿಟ್ಟರು. ಅವನ ಮುಖ, ಎಡಗೆನ್ನೆಯ ಮೇಲೆ ಮಸುಕಾದ ಬೆಳ್ಳನೆಯ ಸೂರ್ಯ, ಸೂರ್ಯನ ಮೇಲೆ ಕಲೆ, ಅದರ ಕೆಳಗಿನಿಂದ ಅವನ ಕಲೆ. ಯಾವುದು ಯಾರದೆಂದು ತೆಗೆದ ನನಗೇ ತಿಳಿಯಲಿಲ್ಲ. ಹಳೆಯ ಜಗಳ ಮರೆಯದ ಮುದುಕರು ಕಿವಿಯಿಂದ ಪೆನ್ಸಿಲ್ಲು ತೆಗೆದು, "ಈ ಸಲ ಮೊದಲ ಹೇಳಿಬಿಡ್ರಿ ಮಾಸ್ತರ್ರ. ಸೂರ್ಯಾನ ಕಲಿ ತಗೀಲೋ, ಹುಡುಗನ ಕಲಿ ತಗೀಲೋ?" ಎಂದರು.

ಉತ್ತರ ಕೊಟ್ಟವರು ಅಕ್ಕಾರು. "ಎರಡೂ ಇರ್ಲಿ ಬಿಡ್ರಿ. ಇನ್ನೇನ ಅವಗ ಹೆಣ್ಣ ನೋಡೂದೈತಿ?"

ಮುದುಕರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಒಳಗೆ ಹೋದರು. ಕಲೆ ಇಟ್ಟು ಕೊಟ್ಟ ಮೊದಲ ಫೋಟೋ ಅದೇ ಎಂದು ಆಮೇಲೆ ಹೇಳಿದರು.

ಆ ಫೋಟೋಕ್ಕೆ ಕಟ್ಟು ಹಾಕಿಸಿ ಅಕ್ಕಾರು ಪಡಸಾಲೆಯ ಗೋಡೆಗೆ ತೂಗುಹಾಕಿದರು. ನಾನು ದುರ್ಬೀನನ್ನು ಕಟ್ಟಿಟ್ಟೆ. ಸಂಜೆ ಅವರ ಮನೆಗೆ ಹೋಗಿ ಸುಮ್ಮನೆ ಕೂಡುವುದು ರೂಢಿಯಾಯಿತು. ಒಂದು ದಿನ ಊರಿಂದ ಬಂದ ಅವರ ನೆಂಟಳೊಬ್ಬಳು ಫೋಟೋದ ಮುಂದೆ ನಿಂತು, ಹುಡುಗನಿಗೆ ಇಷ್ಟು ಕಲೆ ಇದ್ದವೇ, ತನಗೆ ನೆನಪಿಲ್ಲವಲ್ಲ ಎಂದು ಕೇಳಿದಳು. ಅಕ್ಕಾರು ನನ್ನ ಕೈಗೆ ಚಹಾದ ಬಟ್ಟಲು ಕೊಡುತ್ತಿದ್ದರು. ಕೊಟ್ಟು, ಸೆರಗಿನಿಂದ ಫೋಟೋದ ಗಾಜು ಒರೆಸಿ, ನನ್ನ ಕಡೆ ನೋಡಿ ನಕ್ಕರು. ಆ ಮನೆಯಲ್ಲಿ ಅಷ್ಟು ದಿನದ ಮೇಲೆ ಮೊದಲ ಸಲ ನಕ್ಕದ್ದು.

"ಕೆಳಗಿನ್ವು ದೇವಿ ಕೊಟ್ಟಾಳವಾ. ಮ್ಯಾಲಿನ್ವು ಮಾಸ್ತರ್ರು ಕೊಟ್ಟಾರ."